ಸೈಕಲ್ ಫ್ರೇಮಿನ ಬೆಸುಗೆ ಕೆಟ್ಟಾಗ: ಕಾರಣ ಹುಡುಕಿ ಸರಿಪಡಿಸುವ ಬಗೆ

ಉಕ್ಕಿನ ಸೈಕಲ್ ಫ್ರೇಮನ್ನು ಸ್ವತಃ ಕಟ್ಟಲು ಹೊರಟಿರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಬೆಸುಗೆಯಲ್ಲಿ ಸಣ್ಣ ತೂತು ಬಿದ್ದಿವೆ, ಮೇಲೆ ಇನ್ನೊಂದು ಸಲ ಹೊಡೆದರೆ ಸಾಕೇ? ಬೆಸುಗೆಯ ಅಂಚಿಗೆ ಗೆರೆ ಕೊರೆದಂತೆ ಕಾಣುತ್ತದೆ, ಹಾಗೇ ಬಣ್ಣ ಹೊಡೆಯಬಹುದೇ?

ಎರಡಕ್ಕೂ ನನ್ನ ಉತ್ತರ: ಬೇಡ. "ಅದರ ಮ್ಯಾಲ ಇನ್ನೊಂದ್ ರನ್ ಹೊಡದ್ರ ಮುಚ್ಚಿ ಹೋಗತೈತ್ರಿ" ಎನ್ನುವ ಮಾತು ಗೇಟಿಗೆ, ಟ್ರಾಲಿಗೆ ನಡೆದೀತು. ಸೈಕಲ್ ಪೈಪಿನ ಗೋಡೆ ಒಂದು ಮಿಲಿಮೀಟರಿಗಿಂತ ತೆಳು, ಅದರ ಮೇಲೆ ಕುಳಿತವರ ಹಲ್ಲು, ತಲೆ ಎರಡೂ ಆ ಬೆಸುಗೆಯನ್ನು ನಂಬಿರುತ್ತವೆ. ಬೆಸುಗೆಯ ಪ್ರತಿ ದೋಷಕ್ಕೂ ಒಂದು ರೂಪ, ಒಂದು ಜಾಗ ಇರುತ್ತದೆ. ಆ ರೂಪ ಮತ್ತು ಜಾಗವೇ ಕಾರಣವನ್ನು ಹೇಳುತ್ತವೆ. ಅದನ್ನು ಓದದೆ ಗ್ರೈಂಡರ್ ಹಿಡಿದರೆ ಸುಳಿವು ಅಳಿಸಿಹೋಗುತ್ತದೆ, ಅದೇ ತಪ್ಪು ಮುಂದಿನ ಜಾಯಿಂಟಿನಲ್ಲೂ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಟಿಗ್ ಬೆಸುಗೆಯ ಬಗ್ಗೆ. ನಮ್ಮ ಕಡೆಯ ಶಾಪುಗಳಲ್ಲಿ ಇದನ್ನೇ "ಆರ್ಗಾನ್ ವೆಲ್ಡಿಂಗ್" ಎನ್ನುತ್ತಾರೆ. ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹುಟ್ಟುತ್ತದೆ, ಸುತ್ತಲೂ ಆರ್ಗಾನ್ ಹರಿದು ಗಾಳಿ ತಾಗದಂತೆ ಕಾಯುತ್ತದೆ, ಇನ್ನೊಂದು ಕೈಯಿಂದ ಫಿಲ್ಲರ್ ಕಡ್ಡಿ ಕೊಡುತ್ತೀರಿ. ಆರ್ಕಿನ ಕೆಳಗೆ ಕರಗಿ ನಿಂತ ಲೋಹಕ್ಕೆ ಪೂಲ್ ಎನ್ನುತ್ತಾರೆ. ಮುಂದೆ ಈ ಮಾತು ಪದೇ ಪದೇ ಬರುತ್ತದೆ.

ಕೈಗೆ ಬೇಕಾದದ್ದು

ಹೆಚ್ಚಿನವರು ಬಳಸುವುದು 4130 ಕ್ರೋಮೋಲಿ ಪೈಪು. ಇದರಲ್ಲಿ ಇಂಗಾಲ 0.28ರಿಂದ 0.33 ಶೇಕಡಾ, ಕ್ರೋಮಿಯಂ 0.8ರಿಂದ 1.1, ಮಾಲಿಬ್ಡಿನಂ 0.15ರಿಂದ 0.25 ಶೇಕಡಾ ಇರುತ್ತದೆ. ಇಂಗಾಲ ಇಷ್ಟಿರುವುದರಿಂದ ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣ್ಣಗಾಗಿಸಿದರೆ ಅದು ಗಡುಸಾಗಿ ಸುಲಭವಾಗಿ ಬಿರಿಯುತ್ತದೆ. ಬೆಸುಗೆ ಆದ ಮೇಲೆ ಒದ್ದೆ ಬಟ್ಟೆ ಸುತ್ತುವುದು, ನೀರು ಹೊಯ್ಯುವುದು, ಫ್ಯಾನ್ ಹಿಡಿಯುವುದು ಯಾವುದೂ ಬೇಡ. ತಾನಾಗಿ ಆರಲಿ.

ಫಿಲ್ಲರಿಗೆ ಇಆರ್70ಎಸ್-2 ಕಡ್ಡಿ ಒಳ್ಳೆಯದು, 1.0 ಅಥವಾ 1.2 ಮಿ.ಮೀ. ದಪ್ಪದ್ದು. ಅಂಗಡಿಯಲ್ಲಿ 1.6ರದ್ದೇ ಸಿಕ್ಕರೆ ಮಿಗ್ ಯಂತ್ರದ ಇಆರ್70ಎಸ್-6 ತಂತಿಯನ್ನು ಕತ್ತರಿಸಿ, ನೆಟ್ಟಗೆ ಮಾಡಿ ಬಳಸಬಹುದು. ದಪ್ಪ ಕಡ್ಡಿ ತೆಳು ಪೈಪಿನ ಪೂಲನ್ನು ತಣ್ಣಗಾಗಿಸುತ್ತದೆ, ಆಗ ಕೈ ತಾನಾಗಿ ಕರೆಂಟ್ ಏರಿಸುತ್ತದೆ, ತೊಂದರೆ ಅಲ್ಲಿಂದಲೇ ಶುರು.

ಟಂಗ್‌ಸ್ಟನ್ 1.6 ಮಿ.ಮೀ., ಲ್ಯಾಂಥನಂ ಸೇರಿಸಿದ್ದು. ಥೋರಿಯಂ ಇರುವ ಕೆಂಪು ತುದಿಯ ಕಡ್ಡಿ ಅಲ್ಪ ಪ್ರಮಾಣದಲ್ಲಿ ವಿಕಿರಣ ಹೊಮ್ಮಿಸುತ್ತದೆ, ಅದನ್ನು ಅರೆಯುವಾಗ ಏಳುವ ಪುಡಿ ಎದೆಗೆ ಹೋಗಬಾರದು, ಅದಕ್ಕೆ ಬಿಟ್ಟುಬಿಡಿ. ಇವುಗಳ ಜೊತೆಗೆ ಟಾರ್ಚಿಗೊಂದು (ಟಂಗ್‌ಸ್ಟನ್ ಹಿಡಿದಿರುವ ಬೆಸುಗೆಯ ಕೈಹಿಡಿಗೊಂದು) ಗ್ಯಾಸ್ ಲೆನ್ಸ್, ಅಂದರೆ ಆರ್ಗಾನ್ ಸುಳಿಯಾಗದೆ ನೇರವಾಗಿ ಹರಿಯುವಂತೆ ಮಾಡುವ ಜಾಲರಿಯ ಭಾಗ. ಯಂತ್ರದಲ್ಲಿ ಡಿಸಿ ಇಟ್ಟು ಟಾರ್ಚನ್ನು ನೆಗೆಟಿವ್‌ಗೆ ಜೋಡಿಸಿ.

ಎರಡು ಎಚ್ಚರಿಕೆಗಳು ಇಲ್ಲೇ ಇರಲಿ. ಪೈಪು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಎಂದೂ ಬಳಸಬೇಡಿ. ಅದರ ಹನಿ ಉಳಿದು ಆರ್ಕಿಗೆ ಸಿಕ್ಕರೆ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟುತ್ತದೆ. ಅಸಿಟೋನ್ ಬಳಸಿ, ಪೂರ್ತಿ ಆರಿದ ಮೇಲೆ, ಡಬ್ಬಿಯನ್ನು ದೂರ ಇಟ್ಟು ಕೆಲಸ ಶುರು ಮಾಡಿ. ಜಿಂಕ್ ಲೇಪದ ನೀರಿನ ಪೈಪಿನಲ್ಲಿ ಅಭ್ಯಾಸವೂ ಬೇಡ. ಆ ಬಿಳಿ ಹೊಗೆ ಕುಡಿದರೆ ಅದೇ ರಾತ್ರಿ ಚಳಿ-ಜ್ವರ ಬರುತ್ತದೆ.

ಹಂತ 1: ಆರ್ಕ್ ಹೊಡೆಯುವ ಮುಂಚೆಯೇ ದೋಷ ಹುಡುಕಿ

ನಾನು ನೋಡಿರುವ ಕೆಟ್ಟ ಬೆಸುಗೆಗಳಲ್ಲಿ ಬಹುಪಾಲು ಕಾನಸಿನ (ಅರದ) ಕೆಲಸದಲ್ಲೇ ಕೆಟ್ಟಿರುತ್ತವೆ. ಒಂದು ಪೈಪಿನ ತುದಿಯನ್ನು ಇನ್ನೊಂದರ ಉಬ್ಬಿಗೆ ಕೂರುವಂತೆ ಕತ್ತರಿಸುವುದಕ್ಕೆ ಮೈಟರ್ ಎನ್ನುತ್ತಾರೆ. ಕೂರಿಸಿ, ಹಿಂದಿನಿಂದ ಬೆಳಕು ಹಿಡಿದು ನೋಡಿ. ಬೆಳಕು ಎಲ್ಲಿ ತೂರುತ್ತದೋ ಅಲ್ಲಿ ಕಾಗದದ ಚೂರು ತೂರಿಸಿ. ಕಾಗದ ಸಲೀಸಾಗಿ ಹೋದರೆ ಇನ್ನೂ ಕಾನಸು ಹಾಕಬೇಕು. ಫಿಲ್ಲರಿನಿಂದ ತುಂಬಿಸೋಣ ಎಂದರೆ ಆ ಸಂದಿನ ಎರಡೂ ತೆಳು ಅಂಚು ಮೊದಲು ಕರಗಿ ಹಿಂದೆ ಸರಿಯುತ್ತವೆ, ಸಂದು ದೊಡ್ಡ ತೂತಾಗುತ್ತದೆ.

ಬಟೆಡ್ ಪೈಪು, ಅಂದರೆ ತುದಿ ದಪ್ಪ ನಡು ತೆಳು ಇರುವ ಪೈಪು ತಂದಿದ್ದರೆ, ಯಾವ ತುದಿಯಿಂದ ಎಷ್ಟು ಕತ್ತರಿಸಬಹುದು ಎಂದು ಮೊದಲೇ ಗುರುತು ಹಾಕಿಕೊಳ್ಳಿ. 0.9-0.6-0.9 ಮಿ.ಮೀ. ಗೋಡೆಯ ಪೈಪಿನ ಒಂದೇ ತುದಿಯಿಂದ ಉದ್ದ ಇಳಿಸುತ್ತ ಹೋದರೆ ಬೆಸುಗೆ 0.6ರ ಗೋಡೆಯ ಮೇಲೆ ಬೀಳುತ್ತದೆ. ಹೊರಗಿನಿಂದ ಇದು ಕಾಣುವುದೇ ಇಲ್ಲ.

ಪೈಪಿನ ತುದಿಯಿಂದ ಎರಡು-ಮೂರು ಸೆಂಟಿಮೀಟರ್ ದೂರದವರೆಗೆ, ಒಳಗೂ ಹೊರಗೂ ಎಮರಿ ಕಾಗದದಿಂದ ಉಜ್ಜಿ ಹೊಳಪು ತನ್ನಿ. ಒಳಗನ್ನು ಎಲ್ಲರೂ ಮರೆಯುತ್ತಾರೆ. ಕಾರ್ಖಾನೆಯಲ್ಲಿ ಪೈಪಿಗೆ ಹಚ್ಚಿದ ಎಣ್ಣೆ ಅಲ್ಲೇ ಕುಳಿತಿರುತ್ತದೆ, ಕಾದಾಗ ಆವಿಯಾಗಿ ಪೂಲಿನ ಕೆಳಗಿನಿಂದ ಗುಳ್ಳೆ ಎಬ್ಬಿಸುತ್ತದೆ. ಫಿಲ್ಲರ್ ಕಡ್ಡಿಯನ್ನೂ ಅಸಿಟೋನ್ ಬಟ್ಟೆಯಿಂದ ಒರೆಸಿ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತೆರೆದಿಟ್ಟ ಕಡ್ಡಿಗೆ ಜಂಗು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಪೈಪಿನಲ್ಲಿ ಇಡಿ.

ಗಾಳಿರಂಧ್ರವನ್ನೂ ಈಗಲೇ ಕೊರೆಯಿರಿ. ಚೈನ್ ಸ್ಟೇ, ಸೀಟ್ ಸ್ಟೇ, ಅಂದರೆ ಹಿಂದಿನ ಚಕ್ರ ಹಿಡಿಯುವ ಸಣ್ಣ ಪೈಪುಗಳ ಎರಡೂ ತುದಿ ಮುಚ್ಚಿಹೋಗುವಂತಿದ್ದರೆ ಒಳಬದಿಗೆ 2-3 ಮಿ.ಮೀ.ಯ ಒಂದು ತೂತು ಬೇಕು. ಇಲ್ಲದಿದ್ದರೆ ಒಳಗಿನ ಬಿಸಿ ಗಾಳಿ ಹಿಗ್ಗಿ, ಬೆಸುಗೆ ಮುಚ್ಚಿಕೊಳ್ಳುವ ಕೊನೆಯ ಗಳಿಗೆಯಲ್ಲಿ ಪೂಲನ್ನೇ ಹೊರಗೆ ಉಗಿಯುತ್ತದೆ.

ಹಂತ 2: ಒಂದು ಜಾಯಿಂಟನ್ನು ಬಲಿ ಕೊಡಿ

ಫ್ರೇಮಿಗೆ ಕೈ ಹಾಕುವ ಮುಂಚೆ, ಅದೇ ಪೈಪಿನ ತುಂಡುಗಳಲ್ಲಿ ಅದೇ ಕೋನದ ಜಾಯಿಂಟ್ ಮಾಡಿ. 0.9 ಮಿ.ಮೀ. ಗೋಡೆಗೆ 40ರಿಂದ 60 ಆಂಪಿಯರ್ ನಡುವೆ ಶುರು ಮಾಡಿ, ಆರ್ಗಾನ್ ನಿಮಿಷಕ್ಕೆ 7ರಿಂದ 9 ಲೀಟರ್. ಮುಗಿದ ಮೇಲೆ ಉದ್ದಕ್ಕೆ ಸೀಳಿ, ಸೀಳಿದ ಮುಖವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಫೆರಿಕ್ ಕ್ಲೋರೈಡ್ ದ್ರಾವಣ ಸವರಿ. ಇದು ಸರ್ಕ್ಯೂಟ್ ಬೋರ್ಡ್ ಕೊರೆಯಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಕೈಗವಸು ಹಾಕಿಕೊಂಡು ಬಳಸಿ. ಸ್ವಲ್ಪ ಹೊತ್ತಿನಲ್ಲಿ ಬೆಸುಗೆ ಎಷ್ಟು ಆಳ ಕರಗಿದೆ ಎಂಬ ಗಡಿ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಆ ಗಡಿ ಎರಡೂ ಪೈಪಿನ ಒಳಕ್ಕೆ ಹೋಗಿರಬೇಕು. ಒಂದೇ ಪೈಪಿಗೆ ಕಚ್ಚಿಕೊಂಡು ಇನ್ನೊಂದರ ಮೇಲೆ ಸುಮ್ಮನೆ ಕುಳಿತಿದ್ದರೆ ಅದು ಸೇರದ ಬೆಸುಗೆ. ಮೇಲಿಂದ ನೋಡಲು ಸಾಲುಸಾಲಾಗಿ ಚೆಂದ ಇದ್ದು ಒಳಗೆ ಹಿಡಿತವೇ ಇಲ್ಲದ ಬೆಸುಗೆ ಇದೇ. ಸೀಳದೆ ಇದನ್ನು ತಿಳಿಯಲು ಮನೆಯಲ್ಲಿ ಬೇರೆ ದಾರಿ ಇಲ್ಲ. ಅದಕ್ಕೇ ಈ ಹಂತವನ್ನು ಯಾರೂ ಹಾರಿಸಬಾರದು ಎಂದು ಒತ್ತಿ ಹೇಳುತ್ತೇನೆ.

ಹಂತ 3: ದೋಷದ ರೂಪ ನೋಡಿ, ಕಾರಣ ಹಿಡಿಯಿರಿ

*ಸೂಜಿರಂಧ್ರಗಳು.* ಬೆಸುಗೆಯ ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳು. ಎಲ್ಲಿ ಬಿದ್ದಿವೆ ಎಂಬುದನ್ನು ನೋಡಿ.

ಉದ್ದಕ್ಕೂ ಹರಡಿದ್ದರೆ ಗ್ಯಾಸಿನ ರಕ್ಷಣೆ ತಪ್ಪಿದೆ. ನಮ್ಮ ಕಡೆ ಮೊದಲು ಸಂಶಯಪಡಬೇಕಾದದ್ದು ಗಾಳಿಯನ್ನು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಗದಗಿನ ಕಡೆ ಶೆಡ್ಡಿನ ಶಟರ್ ತೆರೆದಿಟ್ಟು ಆರ್ಗಾನ್ ಬೆಸುಗೆ ಮಾಡಿದರೆ ಗ್ಯಾಸು ಪೂಲಿನ ಮೇಲೆ ನಿಲ್ಲುವುದೇ ಇಲ್ಲ. ಗಾಳಿಗೆ ಅಡ್ಡ ಪರದೆ ಕಟ್ಟಿ, ಫ್ಯಾನ್ ಆರಿಸಿ. ಹಾಗೆಂದು ಕೋಣೆಯನ್ನು ಪೂರ್ತಿ ಮುಚ್ಚಲೂಬೇಡಿ. ಆರ್ಗಾನ್ ಗಾಳಿಗಿಂತ ಭಾರ, ಕೆಳಗೆ ಶೇಖರವಾಗಿ ಉಸಿರಾಟದ ಆಮ್ಲಜನಕವನ್ನು ತಳ್ಳುತ್ತದೆ.

ಗಾಳಿ ಇಲ್ಲದಿದ್ದರೂ ರಂಧ್ರ ಬಿದ್ದರೆ ಹೋಸಿನ ಜೋಡಣೆಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಗ್ಯಾಸ್ ಕಡಿಮೆಯಾಯಿತೆಂದು ಹದಿನೈದು, ಇಪ್ಪತ್ತು ಲೀಟರಿಗೆ ಏರಿಸುವುದು ಬಹಳ ಜನ ಮಾಡುವ ತಪ್ಪು. ಟಾರ್ಚಿನ ಮೂತಿಯ ಸಣ್ಣ ಕಪ್ಪಿನಿಂದ ಅಷ್ಟು ರಭಸದಲ್ಲಿ ಬರುವ ಗ್ಯಾಸು ಸುಳಿಯಾಗಿ ಹೊರಗಿನ ಗಾಳಿಯನ್ನೇ ಒಳಗೆ ಎಳೆದು ತರುತ್ತದೆ, ರಂಧ್ರ ಇನ್ನೂ ಹೆಚ್ಚುತ್ತವೆ.

ಒಂದೇ ಜಾಗದಲ್ಲಿ ಗುಂಪಾಗಿದ್ದರೆ ಅಲ್ಲಿ ಎಣ್ಣೆ, ಜಂಗು ಅಥವಾ ಹಳೆಯ ಬಣ್ಣ ಇತ್ತು. ಬೆಸುಗೆಯ ಕೊನೆಯ ಸೆಂಟಿಮೀಟರಿನಲ್ಲಿ ಮಾತ್ರ ಒಂದೇ ದೊಡ್ಡ ತೂತಿದ್ದರೆ ಗಾಳಿರಂಧ್ರ ಕೊರೆದಿಲ್ಲ. ಇಕ್ಕಟ್ಟಿನ ಮೂಲೆಯಲ್ಲಿ, ಉದಾಹರಣೆಗೆ ಬಾಟಮ್ ಬ್ರಾಕೆಟ್ಟಿನ (ಪೆಡಲಿನ ಅಚ್ಚು ಕೂರುವ ಭಾಗದ) ಹಿಂದೆ ಚೈನ್ ಸ್ಟೇಗಳ ನಡುವೆ ಮಾತ್ರ ಬರುತ್ತಿದ್ದರೆ, ಟಂಗ್‌ಸ್ಟನ್ನನ್ನು ಕಪ್ಪಿನಿಂದ ತೀರಾ ಹೊರಗೆ ಚಾಚಿದ್ದೀರಿ. ಗ್ಯಾಸ್ ಲೆನ್ಸ್ ಬೇಕಾಗುವುದು ಇಂಥಲ್ಲೇ.

*ಅಂಚು ಕೊರೆತ.* ಬೆಸುಗೆ ಮುಗಿದು ಪೈಪು ಶುರುವಾಗುವ ಗೆರೆಯಲ್ಲಿ ಸಣ್ಣ ಕಾಲುವೆ. ಅಂಡರ್‌ಕಟ್ ಎನ್ನುವುದು ಇದಕ್ಕೇ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಎಲ್ಲ ದೋಷಗಳಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದು, ಏಕೆಂದರೆ ನೋಡಲು ಏನೂ ಆಗಿಲ್ಲ ಎಂಬಂತಿರುತ್ತದೆ. 0.9 ಮಿ.ಮೀ. ಗೋಡೆಯಲ್ಲಿ 0.2 ಮಿ.ಮೀ. ಕೊರೆತ ಎಂದರೆ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಉಕ್ಕು ಅಲ್ಲಿ ಇಲ್ಲ. ಜೊತೆಗೆ ಆ ಚೂಪಾದ ಮೂಲೆಯಲ್ಲೇ ಎಲ್ಲ ಒತ್ತಡ ಬಂದು ಸೇರುತ್ತದೆ. ಸೈಕಲ್ ಫ್ರೇಮು ಒಂದೇ ಏಟಿಗೆ ಮುರಿಯುವುದು ಕಡಿಮೆ. ಗುಂಡಿಯಿಂದ ಗುಂಡಿಗೆ ಸಾವಿರಾರು ಸಲ ಬಾಗಿ ಬಾಗಿ ದಣಿದು ಮುರಿಯುತ್ತದೆ, ಆ ಬಿರುಕು ಹುಟ್ಟುವ ಜಾಗ ಈ ಕಾಲುವೆ.

ಕಾರಣ ಮೂರರಲ್ಲಿ ಒಂದು: ಕರೆಂಟ್ ಹೆಚ್ಚು, ಆರ್ಕಿನ ಉದ್ದ ಹೆಚ್ಚು, ಇಲ್ಲವೇ ಅಂಚು ಕರಗಿದ ಮೇಲೆ ಅಲ್ಲಿಗೆ ಫಿಲ್ಲರ್ ಕೊಡದೆ ಮುಂದೆ ಹೋಗಿದ್ದೀರಿ. ಮೊನೆಯನ್ನು ಪೂಲಿಗೆ 1.5-2 ಮಿ.ಮೀ. ಹತ್ತಿರ ಹಿಡಿಯಿರಿ. ದಪ್ಪ ಭಾಗ ಮತ್ತು ತೆಳು ಪೈಪು ಸೇರುವಲ್ಲಿ, ಮುಖ್ಯವಾಗಿ ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಶೆಲ್ಲಿನಲ್ಲಿ, ಆರ್ಕನ್ನು ದಪ್ಪದ ಕಡೆ ವಾಲಿಸಿ. ಪೂಲು ಅಲ್ಲಿ ಹುಟ್ಟಿ ತೆಳು ಪೈಪಿನ ಕಡೆ ಹರಿದು ಬರಲಿ. ಕೊರೆತ ಯಾವಾಗಲೂ ಪೈಪಿನ ಕಡೆಗೇ ಬೀಳುತ್ತಿದ್ದರೆ ಟಾರ್ಚಿನ ಕೋನವೇ ತಪ್ಪಿದೆ.

*ಕುಳಿ ಬಿರುಕು.* ಬೆಸುಗೆ ನಿಲ್ಲಿಸಿದ ಜಾಗದಲ್ಲಿ ಒಂದು ಕುಳಿ, ಅದರ ನಡುವೆ ನಕ್ಷತ್ರದಂತೆ ಕೂದಲೆಳೆಯ ಬಿರುಕು. ಕರೆಂಟ್ ಏರಿಳಿಸುವ ಯಂತ್ರದ ಪೆಡಲಿನಿಂದ ಕಾಲು ಥಟ್ಟನೆ ಎತ್ತಿದರೆ ಪೂಲು ಅಂಚಿನಿಂದ ನಡುವಿಗೆ ಗಟ್ಟಿಯಾಗುತ್ತ ಬರುತ್ತದೆ, ನಡುವಿಗೆ ಲೋಹ ಸಾಲದೆ ಬಿರಿಯುತ್ತದೆ. ಕರೆಂಟನ್ನು ಎರಡು-ಮೂರು ಸೆಕೆಂಡಿನಲ್ಲಿ ನಿಧಾನ ಇಳಿಸಿ, ಕೊನೆಗೆ ಒಂದು ಹನಿ ಫಿಲ್ಲರ್ ಹೆಚ್ಚು ಕೊಡಿ. ಯಂತ್ರಕ್ಕೆ ಪೆಡಲ್ ಇಲ್ಲದಿದ್ದರೆ ಡೌನ್ ಸ್ಲೋಪ್ ಎಂಬ ಗುಂಡಿಯನ್ನು ಹೊಂದಿಸಿ. ಆರ್ಕ್ ಆರಿದ ಮೇಲೂ ಆರು ಸೆಕೆಂಡು ಟಾರ್ಚನ್ನು ಅಲ್ಲೇ ಹಿಡಿದಿರಿ, ಗ್ಯಾಸು ಹರಿಯುತ್ತಿರಲಿ.

ಇನ್ನೊಂದು ಮಾತು: ಬೆಸುಗೆಯ ಆರಂಭ ಮತ್ತು ಕೊನೆ ಪೈಪಿನ ಬದಿಗಳಲ್ಲಿ ಬರುವಂತೆ ಯೋಜಿಸಿ. ಹೆಡ್ ಟ್ಯೂಬಿಗೆ, ಅಂದರೆ ಹ್ಯಾಂಡಲ್ ಕೂರುವ ಮುಂದಿನ ಪೈಪಿಗೆ, ಡೌನ್ ಟ್ಯೂಬ್ (ಅಲ್ಲಿಂದ ಬಾಟಮ್ ಬ್ರಾಕೆಟ್ಟಿಗೆ ಇಳಿಯುವ ಪೈಪು) ಸೇರುವ ಕೆಳಭಾಗದ ನಟ್ಟನಡುವೆ ಎಂದೂ ನಿಲ್ಲಿಸಬೇಡಿ. ಮುಂದಿನ ಚಕ್ರದ ಹೊಡೆತವೆಲ್ಲ ಬೀಳುವುದು ಅಲ್ಲಿಗೆ.

*ಒಳಗೆ ಸಕ್ಕರೆಗಟ್ಟುವುದು.* ಹೊರಗೆ ಚೆನ್ನಾಗಿದ್ದು ಪೈಪಿನ ಒಳಗೆ ಕಪ್ಪು ಹರಳು ಹರಳಾದ ಪದರ ಕಂಡರೆ, ಕರಗಿದ ಲೋಹದ ಬೆನ್ನಿಗೆ ಗಾಳಿ ತಾಗಿದೆ. ಪೈಪಿನ ಒಳಗೂ ನಿಮಿಷಕ್ಕೆ 2-4 ಲೀಟರ್ ಆರ್ಗಾನ್ ಬಿಟ್ಟು, ಹೊರಹೋಗಲು ಒಂದು ಸಣ್ಣ ದಾರಿ ಇಟ್ಟರೆ ಇದು ತಪ್ಪುತ್ತದೆ. ಕ್ರೋಮೋಲಿಗೆ ಇದು ಕಡ್ಡಾಯವಲ್ಲ, ಸ್ಟೇನ್‌ಲೆಸ್ ಸ್ಟೀಲಿಗೆ ಬೇಕೇ ಬೇಕು. ಒಳಪದರ ಬಹಳ ಒರಟಾಗಿದ್ದರೆ ಕರೆಂಟ್ ಹೆಚ್ಚಾಗಿದೆ ಎಂದೂ ತಿಳಿಯಿರಿ.

*ಟಂಗ್‌ಸ್ಟನ್ ಚೂರು.* ಮೊನೆ ಪೂಲಿಗೆ ತಾಗಿತೇ? ನಿಲ್ಲಿಸಿ, ಆ ಜಾಗವನ್ನು ಕೆರೆದು ತೆಗೆಯಿರಿ, ಮೊನೆಯನ್ನು ಉದ್ದುದ್ದ ಗೆರೆ ಬರುವಂತೆ ಮತ್ತೆ ಅರೆಯಿರಿ.

*ಹಿತ್ತಾಳೆಯ ಮೇಲೆ ಟಿಗ್.* ಹಳೆಯ ಫ್ರೇಮು ದುರಸ್ತಿ ಮಾಡುವವರಿಗೆ ಈ ಮಾತು. ಮೊದಲು ಹಿತ್ತಾಳೆ ಬೆಸುಗೆ ಆಗಿದ್ದ ಜಾಗದ ಮೇಲೆ ಆರ್ಕ್ ಹೊಡೆಯಬೇಡಿ. ಕರಗಿದ ತಾಮ್ರದ ಅಂಶ ಕಾದ ಉಕ್ಕಿನ ಕಣಗಳ ನಡುವೆ ನುಸುಳಿ ಬಿರುಕು ಬಿಡಿಸುತ್ತದೆ. ಹಿತ್ತಾಳೆ ಇದ್ದಲ್ಲಿ ಹಿತ್ತಾಳೆಯೇ ಇರಲಿ.

ಹಂತ 4: ಕಣ್ಣಿಗೆ ಕಾಣದ ಬಿರುಕಿಗೆ ಬಣ್ಣದ ಪರೀಕ್ಷೆ

ಡೈ ಪೆನೆಟ್ರಂಟ್ ಎಂಬ ಮೂರು ಡಬ್ಬಿಗಳ ಸೆಟ್ ಸಿಗುತ್ತದೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಬೆಸುಗೆ ಪೂರ್ತಿ ತಣ್ಣಗಾದ ಮೇಲೆ ಒರೆಸಿ, ಕೆಂಪು ಹಚ್ಚಿ 10-20 ನಿಮಿಷ ಬಿಡಿ. ನಂತರ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ನೇರ ಬೆಸುಗೆಯ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ, ಫ್ರೇಮು ಸರಿಯಿದೆ ಎಂಬ ಸುಳ್ಳು ಉತ್ತರ ಬರುತ್ತದೆ. ಕೊನೆಗೆ ಬಿಳಿಯನ್ನು ತೆಳುವಾಗಿ ಹೊಡೆದು ಹತ್ತು ನಿಮಿಷ ಕಾಯಿರಿ. ಕೆಂಪು ಚುಕ್ಕೆ ಎಂದರೆ ರಂಧ್ರ, ಕೆಂಪು ಗೆರೆ ಎಂದರೆ ಬಿರುಕು ಅಥವಾ ಸೇರದ ಅಂಚು.

ಸೆಟ್ಟಿಗೆ ಹಣ ಹಾಕಲು ಆಗದಿದ್ದರೆ ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ನೋಡಬಹುದು. ಬಿರುಕಿನಿಂದ ಎಣ್ಣೆ ಒಸರಿ ಪುಡಿ ಕಪ್ಪಾಗುತ್ತದೆ. ರೈಲಿನ ಅಚ್ಚುಗಳ ಬಿರುಕು ಹುಡುಕಲು ಹಿಂದೆ ಎಣ್ಣೆ-ಸುಣ್ಣದ ಇದೇ ಉಪಾಯ ಬಳಸುತ್ತಿದ್ದರು. ತೀರಾ ಸಣ್ಣ ಬಿರುಕು ಇದರಲ್ಲಿ ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಹೆಡ್ ಟ್ಯೂಬಿನ ಜಾಯಿಂಟಿಗಾದರೂ ಕೆಂಪು ಬಣ್ಣವನ್ನೇ ಬಳಸಿ.

ಹಂತ 5: ತೆಗೆಯುವುದು, ಮತ್ತೆ ಬೆಸೆಯುವುದು

ನಾಲ್ಕಿಂಚಿನ ಗ್ರೈಂಡರನ್ನು ಫ್ರೇಮಿನಿಂದ ದೂರ ಇಡಿ. ಅದರ ಚಕ್ರ ಬೆಸುಗೆಯ ಜೊತೆ ಪಕ್ಕದ ಪೈಪಿನ ಗೋಡೆಯನ್ನೂ ತಿನ್ನುತ್ತದೆ. ಸಣ್ಣ ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ ಹಾಕಿ, ಅಥವಾ ದುಂಡು ಕಾನಸಿನಿಂದ ದೋಷವಿರುವಷ್ಟನ್ನೇ ತೆಗೆಯಿರಿ. ರಂಧ್ರವಾದರೆ ಅದರ ತಳ ಕಾಣುವವರೆಗೆ, ಬಿರುಕಾದರೆ ಎರಡೂ ತುದಿ ಮುಗಿಯುವವರೆಗೆ. ತೆಗೆದ ಮೇಲೆ ಇನ್ನೊಮ್ಮೆ ಡೈ, ಅಂದರೆ ಆ ಕೆಂಪು ಬಣ್ಣ, ಹಚ್ಚಿ ನೋಡಿ, ಬಿರುಕು ನಿಜವಾಗಿ ಹೋಗಿದೆಯೇ ಎಂದು. ಆಮೇಲೆ ಡೈ, ಡೆವಲಪರಿನ ಒಂದು ಕಣವೂ ಉಳಿಯದಂತೆ ಅಸಿಟೋನಿನಿಂದ ಒರೆಸಿ ಬೆಸೆಯಿರಿ. ಸೆಟ್ಟಿನ ಕ್ಲೀನರಿನಲ್ಲಿ ಕ್ಲೋರಿನ್ ಇದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ, ಮೊದಲು ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ.

ಅಂಚು ಕೊರೆತ ಉಗುರಿಗೆ ತುಸುವೇ ಸಿಗುವಷ್ಟಿದ್ದರೆ, ಶುಚಿ ಮಾಡಿ ಕಡಿಮೆ ಕರೆಂಟಿನಲ್ಲಿ ತೆಳು ಕಡ್ಡಿಯಿಂದ ಆ ಅಂಚಿಗೆ ಮಾತ್ರ ಲೋಹ ಸೇರಿಸಿ. ಆಳವಾಗಿದ್ದರೆ ಪೈಪು ಬದಲಿಸಿ. ಬಿರುಕು ಬೆಸುಗೆ ದಾಟಿ ಪೈಪಿನ ಗೋಡೆಗೆ ಹೋಗಿದ್ದರೂ ಅಷ್ಟೇ. ಒಂದೇ ಜಾಗವನ್ನು ಎರಡು ಸಲ ರಿಪೇರಿ ಮಾಡಿಯೂ ಸರಿಯಾಗದಿದ್ದರೆ ಮೂರನೆಯ ಸಲ ಕಾಯಿಸಬೇಡಿ. ಒಂದು ಪೈಪಿನ ಬೆಲೆ ಹೋದರೆ ಹೋಗಲಿ.

ಹಂತ 6: ಬಾಗಿದೆಯೇ ನೋಡಿ

ಬೆಸುಗೆ ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆ ಎಳೆಯುತ್ತದೆ. ಅದಕ್ಕೆ ನಾಲ್ಕು ಕಡೆ ಟ್ಯಾಕ್ (ಪೈಪನ್ನು ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕಿ, ಕಾಲು ಭಾಗ ಬೆಸೆದು, ಎದುರಿನ ಕಾಲು ಭಾಗಕ್ಕೆ ಹೋಗಬೇಕು. ಪರೀಕ್ಷೆಗೆ ಒಂದು ದಾರ ಸಾಕು: ಒಂದು ಡ್ರಾಪ್‌ಔಟಿಗೆ, ಅಂದರೆ ಹಿಂದಿನ ಚಕ್ರದ ಅಚ್ಚು ಕೂರುವ ಕಚ್ಚಿಗೆ, ಕಟ್ಟಿ ಹೆಡ್ ಟ್ಯೂಬನ್ನು ಸುತ್ತಿಸಿ ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಿರಿ. ಸೀಟ್ ಟ್ಯೂಬಿನಿಂದ (ಸೀಟು ಕೂರುವ ಪೈಪಿನಿಂದ) ಎರಡೂ ಬದಿಯ ದಾರಕ್ಕೆ ಒಂದೇ ಅಂತರ ಬರಬೇಕು, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ನಡೆಯುತ್ತದೆ.

ಬಾಟಮ್ ಬ್ರಾಕೆಟ್ಟಿನ ಥ್ರೆಡ್ ಬಿಸಿಗೆ ಅಂಡಾಕಾರವಾಗುತ್ತದೆ. ಅಲ್ಲಿಗೆ ಮತ್ತೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿಸಬೇಕು, ಹೆಡ್ ಟ್ಯೂಬಿನ ಒಳಗೆ ರೀಮರ್ (ತೂತನ್ನು ದುಂಡಗೆ ಮಾಡುವ ಉಪಕರಣ) ಆಡಿಸಬೇಕು. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳ ಲೇತ್ ಶಾಪುಗಳಲ್ಲಿ ಕೇಳಿ ನೋಡಿ. ಸಾಮಾನ್ಯವಾಗಿ ಸಿಗುವ 68 ಮಿ.ಮೀ.ಯ ಶೆಲ್ಲಿನಲ್ಲಿ ಥ್ರೆಡ್ 1.37 ಇಂಚು, ಇಂಚಿಗೆ 24 ಸುತ್ತು, ಚೈನಿನ ಬದಿಯದು ಉಲ್ಟಾ ಥ್ರೆಡ್. ಇದನ್ನು ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಎರಡೂ ಬದಿಗೆ ಒಂದೇ ಟ್ಯಾಪ್ ಹಾಕಿ ಶೆಲ್ ಹಾಳಾಗುವ ಸಾಧ್ಯತೆ ಇದೆ.

ಹಂತ 7: ಬಣ್ಣಕ್ಕೆ ಮುಂಚೆ, ಬಣ್ಣದ ನಂತರ

ಬೆಸುಗೆಯ ಮೇಲೆ ಪುಟ್ಟಿ ಮೆತ್ತಬೇಡಿ. ದೋಷ ಮುಚ್ಚುವುದಷ್ಟೇ ಅಲ್ಲ, ಮುಂದೆ ಬರುವ ಬಿರುಕನ್ನೂ ಅದು ಮುಚ್ಚಿಡುತ್ತದೆ. ತೆಳು, ತಿಳಿ ಬಣ್ಣ ಒಳ್ಳೆಯದು, ಗೆರೆ ಬೇಗ ಕಾಣುತ್ತದೆ.

ಮೊದಲ ಸವಾರಿಗಳನ್ನು ಸಮತಟ್ಟಾದ, ವಾಹನವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಮಾಡಿ. ನೃಪತುಂಗ ಬೆಟ್ಟದ ಇಳಿಜಾರಿಗೆ ಮೊದಲ ದಿನವೇ ಹೋಗಬೇಡಿ. ಪ್ರತಿ ಸವಾರಿಯ ನಂತರ ಒರೆಸಿ ಮೂರು ಜಾಗ ನೋಡಿ: ಹೆಡ್ ಟ್ಯೂಬಿನ ಹಿಂದೆ ಡೌನ್ ಟ್ಯೂಬಿನ ಕೆಳಬದಿ, ಬಾಟಮ್ ಬ್ರಾಕೆಟ್ಟಿನ ಬಳಿ ಬಲ ಚೈನ್ ಸ್ಟೇ, ಸೀಟಿನ ಕೆಳಗೆ ಪೈಪುಗಳು ಕೂಡುವ ಜಾಗ. ಬೆಸುಗೆಯ ಅಂಚಿಗೆ ಸಮಾನಾಂತರವಾಗಿ ಬಣ್ಣದಲ್ಲಿ ಗೆರೆ ಬಿದ್ದು ಅದರಿಂದ ಜಂಗಿನ ನೀರು ಇಳಿದಿದ್ದರೆ ಸೈಕಲ್ ನಿಲ್ಲಿಸಿ, ಬಣ್ಣ ಕೆರೆದು ಡೈ ಹಚ್ಚಿ. ಕೆಂಪು ಗೆರೆ ಉಕ್ಕಿನಲ್ಲೇ ಮೂಡಿದರೆ ಆ ಪೈಪನ್ನು ಬದಲಿಸುವವರೆಗೆ ಅದರ ಮೇಲೆ ಯಾರೂ ಕೂರಬಾರದು.